ರಟ್ಟೆಯ ಬಲದ ಮೂಲ

ಹಿರಿಯೂರಿನ ತೇರುಮಲ್ಲೇಶ್ವರಸ್ವಾಮಿಯ ರಥೋತ್ಸವವನ್ನು ಕಂಡ ಬಂಧುಗಳಿಗೆ ಈ ವಿಷಯ ಸುಲಭವಾಗಿ ತಿಳಿದೀತು. ಮಿಣಿ ಹಿಡಿದ ನೂರಾರು ಜನರಲ್ಲಿ ಒಬ್ಬನು ತುಸು ಎಡಕ್ಕೆ ಜಗ್ಗುತ್ತಾನೆ, ಮತ್ತೊಬ್ಬನು ತುಸು ಬಲಕ್ಕೆ. ತೇರು ಯಾರೊಬ್ಬರ ದಾರಿಯನ್ನೂ ಹಿಡಿಯದು; ಎಲ್ಲರ ಸೆಳೆತ ಕೂಡಿದ ಕಡೆಗೆ ಸಾಗುತ್ತದೆ. ತಟ್ಟೆಯ ಮುದ್ದೆಗೆ ಕೈ ಚಾಚುವಾಗ ನಮ್ಮ ಮೆದುಳಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಮೆದುಳಿನ ಹೊರಪದರದಲ್ಲಿ ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಪಟ್ಟಿಯೊಂದು ಚಲನೆಯ ಕ್ಷೇತ್ರ. ಬಲಗೈಯನ್ನು ಎಡಭಾಗ, ಎಡಗೈಯನ್ನು ಬಲಭಾಗ ಆಳುತ್ತದೆ. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಪೊಸ್ಟೊಲೋಸ್ ಜಾರ್ಜೊಪೌಲೋಸ್ ಮತ್ತು ಸಂಗಡಿಗರು ಕೋತಿಗಳಲ್ಲಿ ಈ ಕ್ಷೇತ್ರದ ಒಂದೊಂದೇ ನರಕೋಶದ ಮಿಡಿತವನ್ನು ಅಳೆದರು. ಬಹುತೇಕ ಕೋಶಗಳಿಗೆ ತಮ್ಮದೊಂದು ಮೆಚ್ಚಿನ ದಿಕ್ಕಿತ್ತು. ಕೈ ಆ ಕಡೆಗೆ ಸರಿದಾಗ ಮಿಡಿತ ಹೆಚ್ಚು, ಓರೆಯಾದಷ್ಟೂ ಕಡಿಮೆ. ಒಂದು ಕೋಶವನ್ನು ನೋಡಿ ಕೈ ಎತ್ತ ಹೋದೀತೆಂದು ಹೇಳಲಾಗದು. ನೂರಾರು ಕೋಶಗಳ ಸೆಳೆತವನ್ನು ಕೂಡಿಸಿದರೆ, ಕೈ ಅಲುಗುವ ಮೊದಲೇ ದಿಕ್ಕು ತಿಳಿಯುತ್ತದೆಂದು ಅವರು 1986ರಲ್ಲಿ ತೋರಿಸಿದರು. ಬಲ, ವೇಗಗಳ ಸುದ್ದಿಯೂ ಅವೇ ಕೋಶಗಳಲ್ಲಿ ಬೆರೆತಿರುವುದರಿಂದ ವಿದ್ವಾಂಸರ ಚರ್ಚೆ ಇಂದಿಗೂ ಮುಗಿದಿಲ್ಲ.

ಹೊಸದುರ್ಗದ ತೋಟದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಕೈ, ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯುತ್ತಿದ್ದ ಕೈ ಹಠಾತ್ತನೆ ಜೋತುಬಿದ್ದರೆ, ಲಕ್ವ ಹೊಡೆಯಿತೆಂದು ಮನೆಯವರು ಎಣ್ಣೆ ತಿಕ್ಕಲು ಕೂರುತ್ತಾರೆ. ಕೆಟ್ಟಿರುವುದು ತೋಳಲ್ಲ. ಮೇಲೆ, ಮೆದುಳಿನಲ್ಲಿ, ಮಿಣಿ ಹಿಡಿದವರೇ ರಕ್ತವಿಲ್ಲದೆ ಸಾಯುತ್ತಿದ್ದಾರೆ. ದೊಡ್ಡ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ಕೋಶಗಳೆಂಬುದು ತಜ್ಞರ ಅಂದಾಜು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು, ಒಳಗೆ ರಕ್ತ ಸೋರಿಲ್ಲವೆಂದು ಸ್ಕ್ಯಾನಿನಿಂದ ಖಚಿತವಾಗಬೇಕು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಸೋತರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೊರಡಬೇಕು. ನಾಟಿ ಔಷಧಿಯ ಊರು ಹುಡುಕುತ್ತ ಕಳೆದ ಅರ್ಧ ದಿನ ಮರಳಿ ಬಾರದು.

ಅಳಿದ ಕೋಶಗಳು ಹುಟ್ಟಿಬರವು. ಉಳಿದವು ಅವುಗಳ ಕೆಲಸವನ್ನು ಒಂದಿಷ್ಟು ಕಲಿತುಕೊಳ್ಳಬಲ್ಲವು. ಆದರೆ ಸೋತ ಕೈಯೇ ದುಡಿದರೆ ಮಾತ್ರ. ಎಣ್ಣೆಯಿಂದ ಹಿತವಾದೀತು, ಕೋಶಗಳಿಗೆ ಪಾಠವಾಗದು. ಫಿಜಿಯೋಥೆರಪಿ ತಜ್ಞರು ಹೇಳಿದಂತೆ ಲೋಟ ಹಿಡಿಯುವುದು, ಶೇಂಗಾ ಕಾಯನ್ನು ಬಟ್ಟಲಿನಿಂದ ಬಟ್ಟಲಿಗೆ ಹಾಕುವುದು, ದಿನವೂ ಹಲವು ಹತ್ತು ಬಾರಿ. ಮಮತೆಯಿಂದ ತುತ್ತಿಡುವ ಮನೆಯವರು ಆ ಕೈಯ ಕೆಲಸವನ್ನು ತಾವೇ ಕಸಿದುಕೊಂಡಂತಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು. ಅನಂತರವೂ ಅದು ನಿಲ್ಲದು, ನಿಧಾನವಾಗುತ್ತದೆ, ಅಷ್ಟೆ.