ಹೊತ್ತು ಮೀರಿ ಬಂದ ಗಾನಮುದ್ರಿಕೆ

ಮುಂಬಯಿಯ ವಡಾಲದಲ್ಲಿ ಹಾರ್ಬರ್ ಮಾರ್ಗದ ಬಾಂದ್ರಾ ಕಡೆಯ ಲೋಕಲ್ ಹತ್ತಿ, ಮರುನಿಲ್ದಾಣವಾದ ಕಿಂಗ್ಸ್ ಸರ್ಕಲಿನಲ್ಲಿಳಿದು ತುಸು ನಡೆದರೆ ಎದುರಾಗುವ ಷಣ್ಮುಖಾನಂದ ಸಭಾಗೃಹವು ರಾಗಾಲಾಪನೆಗೂ ತನಿಯಾವರ್ತನಕ್ಕೂ ಮೀಸಲಾದುದೆಂದು ಭಾವಿಸಿರುವ ನಮ್ಮ ಜನಕ್ಕೆ, ಅದೇ ವೇದಿಕೆಯಲ್ಲಿ ಅರ್ಧ ಶತಮಾನದ ಹಿಂದೆ ನೀಳ್ಗೂದಲಿನ ತರುಣರು ವಿದ್ಯುತ್ ಗಿಟಾರುಗಳನ್ನು ಮೊರೆಯಿಸಿದರೆಂಬ ಸಂಗತಿಯು ಪರಿಹಾಸವೆಂದೇ ತೋರೀತು. ‘ಸಿಮ್ಲಾ’ ಸಿಗರೇಟಿನ ಪ್ರಚಾರಾರ್ಥವಾಗಿ ನಡೆದ ಆ ಅಖಿಲ ಭಾರತ ಬೀಟ್ ಸ್ಪರ್ಧೆಗೆ ಮದರಾಸು, ಕಲಕತ್ತೆ, ಶಿಲ್ಲಾಂಗುಗಳಿಂದ ವಾದ್ಯತಂಡಗಳು ಬಂದುವು. ಅವುಗಳ ಆಯ್ದ ಗೀತೆಗಳು 1970 ಮತ್ತು 1971ರ ಎರಡು ಎಲ್.ಪಿ.ಗಳಲ್ಲಿ ಉಳಿದುಕೊಂಡಿವೆ. ಮುಂಬಯಿಯ ‘ವೆಲ್ವೆಟ್ ಫಾಗ್’ ಕೂಡ ಆ ತಂಡಗಳಲ್ಲೊಂದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿಯೂ ಇದೇ ಉಚ್ಚಾರದ ಹೆಸರಿನ, 1969ರಲ್ಲಿ ಒಂದೇ ಮುದ್ರಿಕೆಯನ್ನು ಹೊರತಂದು ಕಣ್ಮರೆಯಾದ ತಂಡವೊಂದಿತ್ತೆಂಬುದು ವಿನೋದ.

ಸ್ವರಶುದ್ಧಿಯನ್ನೇ ಸಂಗೀತದ ಪ್ರಾಣವೆಂದು ಬಗೆವ ನಮಗೆ, ಗಿಟಾರಿನ ನಾದವನ್ನು ಬೇಕೆಂದೇ ಒಡಕುಗೊಳಿಸಿ, ಪ್ರತಿಧ್ವನಿಯಲ್ಲಿ ಅದ್ದಿ, ಕೇಳುವವನನ್ನು ಸ್ವಪ್ನಾವಸ್ಥೆಗೆ ಒಯ್ಯಲೆಳಸುವ, ಆ ಸ್ಪರ್ಧೆಯ ತಂಡಗಳು ನುಡಿಸಿದ ಸೈಕೆಡೆಲಿಕ್ ರಾಕ್ ಮೊದಲಿಗೆ ಕರ್ಕಶವೆನಿಸುವುದು ಸಹಜ. ಆದರೆ ಆಮದು ನಿರ್ಬಂಧಗಳ ಆ ಕಾಲದಲ್ಲಿ ಪರದೇಶದ ಆಂಪ್ಲಿಫಯರು ದುರ್ಲಭವಾಗಿ, ಊರ ಕುಶಲಿಗಳು ಕಟ್ಟಿಕೊಟ್ಟುದರಲ್ಲಿಯೇ ಆ ಒಡಕನ್ನು ಸಾಧಿಸಬೇಕಾಗಿತ್ತೆಂಬುದನ್ನು ನೆನೆದರೆ, ತಂಬೂರಿಯ ಶ್ರುತಿ ಸೇರಿಸುವ ಶ್ರಮಕ್ಕಿಂತ ಅದೇನೂ ಕಿರಿದಲ್ಲವೆಂದು ನನಗನ್ನಿಸುತ್ತದೆ.

ಈ ಪೀಳಿಗೆಯದೇ ‘ಅಟಾಮಿಕ್ ಫಾರೆಸ್ಟ್’. ಕೀತ್ ಕಾಂಗಾ, ನೀಲ್ ಚಟ್ಟೋಪಾಧ್ಯಾಯ ಮೊದಲಾದವರಿದ್ದ ಈ ಮುಂಬಯಿ ತಂಡದೊಡನೆ ಹಾಡಿದ ಮಧುಕರ ಚಂದ್ರ ದಾಸ್ ಮತ್ತು ನಂದು ಭೆಂಡೆ ಇವರೀರ್ವರೂ ಅಲಿಕ್ ಪದಮ್ಸಿಯವರ 1974ರ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಸಂಗೀತನಾಟಕದಲ್ಲಿ ಕ್ರಮವಾಗಿ ಯೇಸುವೂ ಯೂದನೂ ಆಗಿದ್ದವರು. ತಂಡದ ಏಕಮಾತ್ರ ಮುದ್ರಿಕೆಯ ಹೆಸರು ‘ಅಬ್ಸೆಷನ್ 77’. ಆದರೆ ಅದು ಅಂಗಡಿಗೆ ಬಂದುದು 1981ರಲ್ಲಿ, ತಂಡ ಚದುರಿದ ಬಳಿಕ, ಡಿಸ್ಕೋ ಕುಣಿತವು ನಗರವನ್ನು ಆವರಿಸಿದ್ದಾಗ. ಮದುವೆ ಮುಗಿದ ಮೇಲೆ ಬಂದ ವಾಲಗದವರನ್ನು ಕೇಳುವವರಾರು? ಮೂವತ್ತು ವರ್ಷ ಕಳೆದು, 2011ರಲ್ಲಿ, ಲಾಸ್ ಏಂಜಲೀಸಿನ ‘ನೌ-ಅಗೇನ್’ ಸಂಸ್ಥೆಯು ಅದನ್ನು ಮರುಮುದ್ರಿಸಿತು. ದೂರದೇಶದ ರಸಿಕರು ಬೆರಗಾಗಿ ಕಿವಿಗೊಟ್ಟರು. ಇದನ್ನು ಪುನರಾವಿಷ್ಕಾರವೆಂದು ಕರೆಯುವುದು ವಾಡಿಕೆ. ನನಗೆ ಆ ಮಾತು ರುಚಿಸದು. ಪಾಳುಗುಡಿಯ ಶಾಸನದಂತೆ ಅದೇನು ಮಣ್ಣಿನಡಿ ಹೂತುಹೋಗಿತ್ತೆ? ಕೊಳ್ಳುವವರಿರಲಿಲ್ಲ, ಅಷ್ಟೆ. ಭೆಂಡೆಯವರಂತೂ 2014ರಲ್ಲಿ ತೀರಿಕೊಳ್ಳುವವರೆಗೂ ಇದೇ ಮುಂಬಯಿಯಲ್ಲಿ ಹಾಡುತ್ತಲೇ ಇದ್ದರು.