ಸ್ಟಿಯರಿಂಗ್ ದುರಸ್ತಿಯ ನಂತರ ಕ್ಲಾಕ್ ಸ್ಪ್ರಿಂಗ್‌ನ ಮಧ್ಯಸ್ಥಾನ: ಬಿಲ್ಲಿಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ತಿಳಿದಿರಬೇಕಾದುದು

ಗ್ರಾಮ ಪಂಚಾಯಿತಿಯ ಕೆಲಸಕಾರ್ಯಗಳಿಗೆ ಬಳಸುವ ವಾಹನದ ಸ್ಟಿಯರಿಂಗ್ ದುರಸ್ತಿಯನ್ನು ಮೈಸೂರು ನಗರದ ಗ್ಯಾರೇಜಿನಲ್ಲಿ ಮಾಡಿಸಿದಾಗ, ರ‍್ಯಾಕ್, ಟೈ ರಾಡ್ ಮುಂತಾದ ಬಿಡಿಭಾಗಗಳ ಬೆಲೆ ಬಿಲ್ಲಿನಲ್ಲಿ ನಮೂದಾಗಿ ಸಭೆಯ ಮುಂದೆ ಬರುತ್ತದೆ. ಕ್ಲಾಕ್ ಸ್ಪ್ರಿಂಗ್ ತನ್ನ ಮಧ್ಯಸ್ಥಾನದಲ್ಲಿ ಕುಳಿತಿದೆಯೇ ಎಂಬುದು ಮಾತ್ರ ಬಿಲ್ಲಿನ ಯಾವ ಸಾಲಿನಲ್ಲಿಯೂ ಕಾಣುವುದಿಲ್ಲ. ಅಪಘಾತದ ಕ್ಷಣದಲ್ಲಿ ಚಾಲಕನ ಏರ್‌ಬ್ಯಾಗ್ ತೆರೆದುಕೊಳ್ಳುವುದು ಈ ಸಣ್ಣ ಭಾಗವನ್ನು ಅವಲಂಬಿಸಿದೆ.

ರಚನೆ ಮತ್ತು ಕಾರ್ಯ

ಸ್ಟಿಯರಿಂಗ್ ಚಕ್ರ ತಿರುಗುತ್ತದೆ; ಅದನ್ನು ಹೊತ್ತ ಕಾಲಂನ ಹೊರಕವಚ ಸ್ಥಿರವಾಗಿರುತ್ತದೆ. ಇವೆರಡರ ನಡುವೆ ವಿದ್ಯುತ್ ಸಂಪರ್ಕ ಕಡಿಯದಂತೆ ಕಾಯುವ ಭಾಗವೇ ಕ್ಲಾಕ್ ಸ್ಪ್ರಿಂಗ್. ದುಂಡನೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಚಪ್ಪಟೆಯಾದ ತಂತಿಪಟ್ಟಿಯು ಕೀಲಿ ಕೊಡುವ ಹಳೆಯ ಗಡಿಯಾರದ ಸುರುಳಿಯಂತೆ ಸುತ್ತಿಕೊಂಡಿರುತ್ತದೆ. ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿದಾಗ ಪಟ್ಟಿ ಬಿಗಿಯಾಗುತ್ತದೆ, ಇನ್ನೊಂದು ದಿಕ್ಕಿಗೆ ಸಡಿಲವಾಗುತ್ತದೆ. ಏರ್‌ಬ್ಯಾಗ್, ಹಾರ್ನ್ ಮತ್ತು ಚಕ್ರದ ಮೇಲಿನ ಗುಂಡಿಗಳ ಸಂಪರ್ಕ ಇದರ ಮೂಲಕವೇ ಹಾದುಹೋಗುತ್ತದೆ.

2019ರ ಜುಲೈ 1ರಿಂದ ತಯಾರಾದ ಪ್ರಯಾಣಿಕ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಕಸ ಸಾಗಿಸುವ ಸಣ್ಣ ಸರಕು ವಾಹನಗಳಲ್ಲಿ ಅದು ಇಲ್ಲದಿರಬಹುದು. ಚಕ್ರದ ನಡುಭಾಗದಲ್ಲಿ ಏರ್‌ಬ್ಯಾಗ್ ಎಂಬ ಬರಹವಿದೆಯೇ ಎಂದು ನೋಡಿ ತಿಳಿಯಬಹುದು.

ಮಧ್ಯಸ್ಥಾನ ತಪ್ಪುವ ಬಗೆ

ರ‍್ಯಾಕ್ ಅಥವಾ ಕಾಲಂ ಬಿಚ್ಚಿದಾಗ ಚಕ್ರಕ್ಕೂ ಮುಂದಿನ ಗಾಲಿಗಳಿಗೂ ಇರುವ ಜೋಡಣೆ ಕಳಚುತ್ತದೆ. ಆಗ ತಡೆಯಿಲ್ಲದ ಚಕ್ರ ಯಾರದೋ ಕೈ ತಗುಲಿ ಒಂದೆರಡು ಸುತ್ತು ತಿರುಗಿದರೂ ಒಳಗಿನ ಪಟ್ಟಿಯ ಲೆಕ್ಕ ತಪ್ಪುತ್ತದೆ.

ಉದಾಹರಣೆಗೆ, ಪಟ್ಟಿಯು ಒಟ್ಟು 5 ಸುತ್ತು ತಿರುಗಬಲ್ಲದು, ಚಕ್ರವು ಎಡತುದಿಯಿಂದ ಬಲತುದಿಗೆ ಮೂರೂವರೆ ಸುತ್ತು ತಿರುಗುತ್ತದೆ ಎಂದು ಭಾವಿಸಬಹುದು. ಆಗ ಪ್ರತಿ ಬದಿಗೆ ಒಂದೂಮುಕ್ಕಾಲು ಸುತ್ತು ಬೇಕು. ಪಟ್ಟಿ ನಡುವಿನಲ್ಲಿದ್ದರೆ ಪ್ರತಿ ಬದಿಗೆ ಎರಡೂವರೆ ಸುತ್ತು ಲಭ್ಯವಿರುತ್ತದೆ. ಒಂದು ಸುತ್ತು ತಪ್ಪಿದರೆ ಒಂದು ಬದಿಗೆ ಒಂದೂವರೆ ಸುತ್ತು ಮಾತ್ರ ಉಳಿಯುತ್ತದೆ. ಕೊನೆಯ ಕಾಲು ಸುತ್ತಿನಲ್ಲಿ ಪಟ್ಟಿ ಹರಿಯುತ್ತದೆ.

ಆದುದರಿಂದಲೇ ಹೊರ ವರ್ತುಲ ರಸ್ತೆಯಲ್ಲಿ ನೇರವಾಗಿ ಓಡಿಸಿ ನೋಡಿದರೆ ಈ ದೋಷ ಕಾಣುವುದಿಲ್ಲ. ಊರಿನ ಇಕ್ಕಟ್ಟಾದ ಬೀದಿಯಲ್ಲಿ ವಾಹನವನ್ನು ಪೂರ್ತಿಯಾಗಿ ತಿರುಗಿಸಿದ ದಿನ ಅದು ಹೊರಬೀಳುತ್ತದೆ. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿರುತ್ತದೆ.

ಸರಿಪಡಿಸುವ ಕ್ರಮ

ಇದು ತರಬೇತಿ ಪಡೆದ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ತಯಾರಕರ ಕೈಪಿಡಿ ಹೇಳುವಷ್ಟು ಹೊತ್ತು ಕಾದ ನಂತರವೇ ಏರ್‌ಬ್ಯಾಗ್ ಬಿಚ್ಚಬೇಕು. ಬಿಚ್ಚಿದ್ದನ್ನು ಅದರ ಹೊದಿಕೆ ಮೇಲ್ಮುಖವಾಗಿರುವಂತೆ ಇಡಬೇಕು. ಮುಂದಿನ ಗಾಲಿಗಳನ್ನು ನೇರವಾಗಿ ನಿಲ್ಲಿಸಿ, ಸ್ಟಿಯರಿಂಗ್ ಚಕ್ರವನ್ನು ತೆಗೆಯಬೇಕು. ಕ್ಲಾಕ್ ಸ್ಪ್ರಿಂಗ್‌ನ ನಡುಭಾಗವನ್ನು ಕೈಪಿಡಿ ಸೂಚಿಸುವ ದಿಕ್ಕಿಗೆ ಮೆಲ್ಲಗೆ, ತಾನಾಗಿ ನಿಲ್ಲುವವರೆಗೆ ತಿರುಗಿಸಿ, ಅಲ್ಲಿಂದ ಸೂಚಿತ ಸಂಖ್ಯೆಯಷ್ಟು ಸುತ್ತು ಹಿಂದಕ್ಕೆ ತಂದು, ಬಾಣದ ಗುರುತುಗಳನ್ನು ಎದುರುಬದುರಾಗಿಸಬೇಕು. ಬಲ ಪ್ರಯೋಗಿಸಬಾರದು. ಸುತ್ತಿನ ಸಂಖ್ಯೆ ಮಾದರಿಯಿಂದ ಮಾದರಿಗೆ ಭಿನ್ನವಾದುದರಿಂದ ಅಂದಾಜು ಸಲ್ಲದು. ದುರಸ್ತಿಗೆ ಮುನ್ನವೇ ಗಾಲಿಗಳನ್ನು ನೇರ ನಿಲ್ಲಿಸಿ ಸ್ಟಿಯರಿಂಗ್ ಚಕ್ರವನ್ನು ಅಲುಗದಂತೆ ಕಟ್ಟಿದ್ದರೆ ಮಧ್ಯಸ್ಥಾನ ತಪ್ಪುವ ಪ್ರಸಂಗವೇ ಬಾರದು.

ಪರಿಶೀಲಿಸಬೇಕಾದ ಅಂಶಗಳು

ವಾಹನವನ್ನು ಗ್ಯಾರೇಜಿನಿಂದ ಹೊರತರುವ ಮುನ್ನ ಚಾಲಕರ ಸಮ್ಮುಖದಲ್ಲಿ ಈ ಕೆಳಗಿನವುಗಳನ್ನು ನೋಡತಕ್ಕದ್ದು:

1. ವಾಹನ ನಿಂತಿರುವಾಗ ಎಂಜಿನ್ ಚಾಲೂ ಮಾಡಿ, ಚಕ್ರವನ್ನು ನಿಧಾನವಾಗಿ ಎರಡೂ ತುದಿಗಳವರೆಗೆ ತಿರುಗಿಸುತ್ತಾ ಹಾರ್ನ್ ಒತ್ತಬೇಕು. ಎಲ್ಲ ಸ್ಥಾನಗಳಲ್ಲಿಯೂ ಹಾರ್ನ್ ಕೇಳಿಸಬೇಕು. ಉಜ್ಜುವ ಅಥವಾ ಹರಿಯುವ ಸದ್ದು ಬರಬಾರದು.

2. ಆ ಬಳಿಕ ಇಗ್ನಿಷನ್ ಆರಿಸಿ ಮತ್ತೆ ಹಾಕಿದಾಗ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಆರದಿದ್ದರೆ ದೋಷವಿದೆ ಎಂದರ್ಥ. ದೀಪ ಉರಿಯದೇ ಇದ್ದರೆ ಅದನ್ನೂ ದೋಷವೆಂದೇ ಎಣಿಸಬೇಕು.

3. ನೇರ ರಸ್ತೆಯಲ್ಲಿ ಚಲಿಸುವಾಗ ಸ್ಟಿಯರಿಂಗ್ ಚಕ್ರವೂ ನೇರವಾಗಿರಬೇಕು.

4. ಕ್ಲಾಕ್ ಸ್ಪ್ರಿಂಗ್ ಅನ್ನು ಮಧ್ಯಸ್ಥಾನದಲ್ಲಿ ಕೂರಿಸಲಾಗಿದೆ ಎಂಬ ಒಕ್ಕಣೆ ಜಾಬ್ ಕಾರ್ಡಿನಲ್ಲಿ ಇರಬೇಕು. ಸ್ಟಿಯರಿಂಗ್ ಕೋನ ಅಳೆಯುವ ಸೆನ್ಸರ್ ಇರುವ ವಾಹನವಾದರೆ, ಕೈಪಿಡಿಯಂತೆ ಅದನ್ನೂ ಸರಿಹೊಂದಿಸಿರುವುದು ನಮೂದಾಗಿರಬೇಕು.

ಹಾರ್ನ್ ಕೇಳಿಸಿತೆಂಬ ಒಂದೇ ಕಾರಣಕ್ಕೆ ಏರ್‌ಬ್ಯಾಗ್ ಸುಸ್ಥಿತಿಯಲ್ಲಿದೆ ಎನ್ನಲಾಗದು. ಎರಡರ ತಂತಿಗಳೂ ಬೇರೆ ಬೇರೆ. ಆದಕಾರಣ ಮೊದಲೆರಡು ಪರೀಕ್ಷೆಗಳೂ ಅವಶ್ಯ. ಏರ್‌ಬ್ಯಾಗ್ ದೀಪ ಆರದ ವಾಹನ ಓಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ; ಡಿಕ್ಕಿಯಾದಾಗ ಮಾತ್ರ ಚಾಲಕರ ಎದೆಗೂ ತಲೆಗೂ ಸಿಗಬೇಕಾದ ರಕ್ಷಣೆ ಸಿಗದೇ ಹೋಗಬಹುದು. ಅಂತಹ ವಾಹನವನ್ನು ಅದೇ ದಿನ ಗ್ಯಾರೇಜಿಗೆ ಮರಳಿಸಿ, ದೋಷ ನಿವಾರಣೆಯಾದ ನಂತರವೇ ಬಿಲ್ಲನ್ನು ಅನುಮೋದನೆಗೆ ಮಂಡಿಸುವುದು ಸೂಕ್ತ.