ಜಪಾನಿನ ಚಿತ್ರಕಥೆಗಳಲ್ಲಿ ಕಾಲವೂ ಸ್ಮೃತಿಯೂ

ಜಪಾನೀಯರು ತಮ್ಮ ಚಿತ್ರಕಥಾಪುಸ್ತಕಗಳನ್ನು ಮಾಂಗಾ ಎಂದೂ, ಚಲಿಸುವ ಚಿತ್ರಗಳನ್ನು ಆನಿಮೆ ಎಂದೂ ಕರೆಯುವರು. ಇವು ಕೇವಲ ಬಾಲವಿನೋದಗಳೆಂದು ನಾವು ಬಹುಕಾಲ ಉಪೇಕ್ಷಿಸಿದ್ದೆವು. ವಿಚಾರಮಾಡಿ ನೋಡಿದಲ್ಲಿ, ಕಾಲವೆಂದರೇನು, ಸ್ಮೃತಿಯೆಂದರೇನು, ಯಂತ್ರದಿಂದ ಮನುಷ್ಯನಿಗೆ ದೊರೆಯುವುದೇನು ಎಂಬ ಗಹನವಾದ ಪ್ರಶ್ನೆಗಳೇ ಇವುಗಳಲ್ಲಿ ಅಡಗಿರುವುವು.

ತೆಜುಕಾ ಒಸಾಮು ಎಂಬ ಪ್ರಸಿದ್ಧ ಚಿತ್ರಕಾರನು 1952ರಲ್ಲಿ ಆರಂಭಿಸಿದ ‘ತೆತ್ಸುವಾನ್ ಆಟಮ್’ ಎಂಬ ಕಥೆಯನ್ನು ನೋಡಿರಿ. ವಿಜ್ಞಾನಿಯೊಬ್ಬನ ಮಗನು ವಾಹನದ ಅಪಘಾತದಲ್ಲಿ ಮೃತನಾಗುವನು. ಪುತ್ರಶೋಕದಿಂದ ಕಂಗೆಟ್ಟ ತಂದೆಯು ಮಗನ ರೂಪಿನಲ್ಲಿಯೇ ಯಂತ್ರಬಾಲಕನೊಬ್ಬನನ್ನು ನಿರ್ಮಿಸುವನು. ಆದರೆ ದಿನಗಳು ಕಳೆದರೂ ಆ ಬಾಲಕನು ಬೆಳೆಯಲೊಲ್ಲನು! ರೋಸಿದ ತಂದೆಯು ಅವನನ್ನು ಸರ್ಕಸ್ಸಿಗೆ ಮಾರಿಬಿಡುವನು. ಯಂತ್ರವು ಮಗನ ರೂಪವನ್ನು ಕೊಟ್ಟೀತು. ಕಾಲದೊಡನೆ ಬೆಳೆಯುವ ಮಗನನ್ನು ಕೊಡಲಾರದು.

2002ರಲ್ಲಿ ಶಿಂಕಾಯ್ ಮಕೊತೊ ಎಂಬವನು ಬಹುಮಟ್ಟಿಗೆ ತಾನೊಬ್ಬನೇ ಗಣಕಯಂತ್ರದ ಸಹಾಯದಿಂದ ‘ಹೋಶಿ ನೊ ಕೊಯೆ’ ಎಂಬ ಕಿರುಚಿತ್ರವನ್ನು ರಚಿಸಿದನು. ಅದರ ಕಾಲಾವಧಿ ಸುಮಾರು 25 ನಿಮಿಷ. ಬಾಲಿಕೆಯೊಬ್ಬಳು ಅಂತರಿಕ್ಷದ ಯುದ್ಧಕ್ಕೆ ತೆರಳಿ, ಭೂಮಿಯಲ್ಲಿರುವ ಸಖನಿಗೆ ಕೈದೂರವಾಣಿಯಿಂದ ಸಂದೇಶಗಳನ್ನು ಕಳುಹಿಸುವಳು. ಅವಳು ಲುಬ್ಧಕ ನಕ್ಷತ್ರವನ್ನು ಸೇರಿದಾಗ ಒಂದು ಸಂದೇಶವು ತಲಪಲು ಎಂಟು ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುವುದು. ಕಳುಹಿಸುವಾಗ ಅವಳಿಗೆ ಹದಿನೈದು ವರ್ಷ. ಓದುವಾಗ ಅವನಿಗೆ ಇಪ್ಪತ್ತನಾಲ್ಕು. ಕಾಳಿದಾಸನ ಯಕ್ಷನು ಅನುಭವಿಸಬೇಕಾದುದು ಒಂದು ವರ್ಷದ ವಿರಹವಷ್ಟೆ. ಅವನಿಗೆ ಮೇಘವೇ ದೂತನಾಯಿತು. ಬೆಳಕಿನ ವೇಗದ ದೂತನು ಲಭಿಸಿದರೂ ಈ ವಿರಹಿಗಳ ಕಷ್ಟವು ತಗ್ಗಲಿಲ್ಲ!

ನಮ್ಮ ಮನೆಗಳ ಮಕ್ಕಳೂ ಬಲ್ಲ ‘ಡೊರೇಮಾನ್’ ಕಥೆಯು 1969ರಲ್ಲಿ ಆರಂಭವಾಯಿತು. ಇಪ್ಪತ್ತೆರಡನೆಯ ಶತಮಾನದಿಂದ ಬಂದ ಯಂತ್ರಮಾರ್ಜಾಲವೇ ಅದರ ನಾಯಕ. ನೊಬಿತನೆಂಬ ಹುಡುಗನ ಮೇಜಿನ ಖಾನೆಯಲ್ಲಿ ಕಾಲಯಂತ್ರವುಂಟು. ಒಂದು ಪ್ರಸಂಗದಲ್ಲಿ ನೊಬಿತನು, ತೀರಿಹೋದ ಅಜ್ಜಿಯನ್ನು ನೋಡಲು ಆ ಯಂತ್ರದಲ್ಲಿ ಹಿಂದಿನ ಕಾಲಕ್ಕೆ ಹೋಗುವನು. ಮೊಮ್ಮಗನು ಪಾಠಶಾಲೆಗೆ ಹೋಗುವುದನ್ನು ಕಾಣಬೇಕೆಂಬುದು ಅಜ್ಜಿಯ ಬಯಕೆ. ಅವನು ಓಡಿಬಂದು, ಬೆನ್ನಿಗೆ ಪುಸ್ತಕದ ಚೀಲವನ್ನು ಹಾಕಿಕೊಂಡು ಮತ್ತೆ ಹೋಗಿ ನಿಲ್ಲುವನು. ಅಜ್ಜಿಯು ಲೇಶವೂ ಸಂಶಯಪಡದೆ ಅವನನ್ನು ತನ್ನ ಮೊಮ್ಮಗನೆಂದು ಒಪ್ಪುವಳು. ದುಷ್ಯಂತನಿಗೆ ನೆನಪು ಮರಳಲು ಉಂಗುರವು ಬೇಕಾಯಿತು. ಈ ಅಜ್ಜಿಗೆ ಯಾವ ಗುರುತೂ ಬೇಕಾಗಲಿಲ್ಲ.

ಮೊಮ್ಮಕ್ಕಳು ಇಂತಹವನ್ನು ನೋಡುವಾಗ ಹಿರಿಯರು ಗದರಿಸದೆ ಒಂದು ಗಳಿಗೆ ಬಳಿಯಲ್ಲಿ ಕುಳಿತರೆ ನಷ್ಟವೇನೂ ಇಲ್ಲ. ನಮ್ಮ ಮೇಜುಗಳ ಖಾನೆಗಳಲ್ಲಿ ಕಾಲಯಂತ್ರವಿಲ್ಲ. ಅಜ್ಜಿಯ ಮಾತನ್ನು ಅಜ್ಜಿಯಿರುವಾಗಲೇ ಕೇಳಿಕೊಳ್ಳುವುದು ಲೇಸು.